ಶಾಹಿನಾ ತೋರಿಸದ ಗಾಯ

ಕೋವಿಡ್‌ನ ಗಲಾಟೆ ಅಡಗಿ ಹೊರರೋಗಿ ವಿಭಾಗ ಮತ್ತೆ ಮೊದಲಿನಂತೆ ತುಂಬತೊಡಗಿದ್ದ ವರ್ಷ ಅದು. ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ನಾನು ಚರ್ಮರೋಗ ವಿಭಾಗದ ಹಿರಿಯ ವೈದ್ಯೆಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಕಲಿಯುವುದೆಲ್ಲ ಕಲಿತಾಯಿತು ಎಂಬ ಭಾವನೆ ಆ ವಯಸ್ಸಿನಲ್ಲಿ ಮೆಲ್ಲನೆ ಬಂದು ಕೂರುತ್ತದೆ. ನನ್ನಲ್ಲೂ ಕೂತಿತ್ತು.

ಶಾಹಿನಾಳನ್ನು (ಹೆಸರು ಬದಲಿಸಿದ್ದೇನೆ) ನಾನು ಅವಳ ಹನ್ನೊಂದನೆಯ ವಯಸ್ಸಿನಿಂದ ನೋಡುತ್ತಿದ್ದೆ. ಈಗ ಅವಳಿಗೆ ಇಪ್ಪತ್ತನಾಲ್ಕು. ಮನೆ ಬೆಂಗ್ರೆಯಲ್ಲಿ. ತಾಯಿ ಝೊಹರಾ ಪ್ರತಿ ತಿಂಗಳೂ ಅವಳನ್ನು ಫೆರಿಯಲ್ಲಿ ಹೊಳೆ ದಾಟಿಸಿ, ಆಟೊದ ಸೀಟಿಗೆ ಎರಡು ದಿಂಬು ಹಾಕಿ ಕರೆತರುತ್ತಿದ್ದರು. ದಿಂಬಿಲ್ಲದಿದ್ದರೆ ಆಟೊ ಒಂದು ಹೊಂಡಕ್ಕೆ ಇಳಿದರೂ ಅವಳ ಚರ್ಮ ಕಿತ್ತು ಬರುತ್ತಿತ್ತು.

ಅವಳದು ಹುಟ್ಟಿನಿಂದ ಬಂದ ಕಾಯಿಲೆ, ಎಪಿಡರ್ಮೊಲೈಸಿಸ್ ಬುಲ್ಲೋಸಾ. ನಾವು ಚಿಕ್ಕದಾಗಿ ‘ಇಬಿ’ ಎನ್ನುತ್ತೇವೆ. ಮೇಲ್ಚರ್ಮವನ್ನು ಒಳಚರ್ಮಕ್ಕೆ ಹಿಡಿದಿಡುವುದು ಕೊಲಾಜೆನ್–7 ಎಂಬ ಪ್ರೋಟೀನಿನ ಎಳೆಗಳು. ಅದನ್ನು ತಯಾರಿಸುವ ಜೀನ್ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟುಬಂದರೆ ಮಗುವಿನ ಚರ್ಮಕ್ಕೆ ಹಿಡಿತವೇ ಇರುವುದಿಲ್ಲ. ಉಜ್ಜಿದಲ್ಲಿ ಗುಳ್ಳೆ, ಗುಳ್ಳೆ ಒಡೆದಲ್ಲಿ ಗಾಯ. ಗಾಯ ಮಾಯುತ್ತಾ ಮಾಯುತ್ತಾ ಶಾಹಿನಾಳ ಬಲಗೈಯ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಹೋಗಿದ್ದವು. ಎಡಗೈಯಲ್ಲಿ ಎರಡು ಬೆರಳು ಉಳಿದಿದ್ದವು. ಅವುಗಳ ನಡುವೆ ಪೆನ್ನು ಹಿಡಿದು ಅವಳು ಬಿ.ಕಾಂ. ಮುಗಿಸಿದ್ದಳು, ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಿದ್ದಳು.

ಝೊಹರಾರ ದಿನ ಶುರುವಾಗುವುದೇ ಮಗಳ ಡ್ರೆಸ್ಸಿಂಗಿನಿಂದ. ಹಳೆಯ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಕು, ಹೊಸ ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಿ ನೀರು ತೆಗೆಯಬೇಕು, ವ್ಯಾಸಲೀನ್ ಹಚ್ಚಿದ ಗಾಜ್ ಬಟ್ಟೆ ಇಟ್ಟು ಮೇಲೆ ಸಡಿಲವಾಗಿ ಸುತ್ತಬೇಕು. ಎರಡು ಗಂಟೆಯ ಕೆಲಸ. ಇಪ್ಪತ್ತನಾಲ್ಕು ವರ್ಷ ಆ ಹೆಂಗಸು ಒಂದು ದಿನವೂ ರಜೆ ತೆಗೆದುಕೊಂಡಿರಲಿಲ್ಲ.

ಈ ಕಾಯಿಲೆಯಲ್ಲಿ ವೈದ್ಯರು ಹೆದರುವುದು ಬೇರೊಂದಕ್ಕೆ. ವರ್ಷಗಟ್ಟಲೆ ಮಾಯದೆ ಉಳಿದ ಗಾಯದಲ್ಲಿ ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಹುಟ್ಟಬಹುದು, ಮತ್ತು ಅದು ಸಾಮಾನ್ಯ ಚರ್ಮದ ಕ್ಯಾನ್ಸರಿನಷ್ಟು ಸಾಧುವಲ್ಲ, ಬೇಗ ಹರಡುತ್ತದೆ. ಆದ್ದರಿಂದಲೇ ತಿಂಗಳಿಗೊಮ್ಮೆ ಬರಹೇಳುತ್ತಿದ್ದೆ.

ಒಂದು ದಿನ ಶಾಹಿನಾ ತನ್ನ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟಳು. “ಡಾಕ್ಟ್ರೆ, ಇದು ನನಗೆ ಆಗ್ತದಾ?” ಎಂದು ಕೇಳಿದಳು.

ಅಮೆರಿಕದಲ್ಲಿ ಹೊಸದಾಗಿ ಒಪ್ಪಿಗೆ ಪಡೆದ ಜೀನ್ ಥೆರಪಿಯ ಸುದ್ದಿ ಅದು. ದೇಹದಲ್ಲಿ ಬೆಳೆಯದಂತೆ ಪಳಗಿಸಿದ ವೈರಸ್ಸಿನೊಳಗೆ ಕೊಲಾಜೆನ್–7ರ ಸರಿಯಾದ ಜೀನನ್ನು ಇಟ್ಟು, ಅದನ್ನು ಜೆಲ್‌ನಲ್ಲಿ ಬೆರೆಸಿ ವಾರಕ್ಕೊಮ್ಮೆ ಗಾಯದ ಮೇಲೆ ಹನಿಹನಿಯಾಗಿ ಹಾಕುತ್ತಾರೆ. ಜೀವಕೋಶಗಳು ಆ ಜೀನನ್ನು ಓದಿ, ತಮ್ಮಲ್ಲಿಲ್ಲದ ಎಳೆಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಕಾಯಿಲೆ ಹೋಗುವುದಿಲ್ಲ, ಆದರೆ ಗಾಯ ಮುಚ್ಚುತ್ತದೆ. ನಮ್ಮಲ್ಲಿ ಅದು ಸಿಗುತ್ತಿರಲಿಲ್ಲ. ಒಬ್ಬ ರೋಗಿಗೆಂದು ವಿಶೇಷ ಅನುಮತಿ ಪಡೆದು ತರಿಸಲು ಪ್ರಯತ್ನಿಸಬಹುದಿತ್ತು.

ನನಗೂ ಹುರುಪು ಬಂತು. ಮುಂದಿನ ಭೇಟಿಗೆ ಅರ್ಜಿಯ ನಮೂನೆಯನ್ನು ತರಿಸಿಟ್ಟು, ಪ್ರಶ್ನೆಗಳನ್ನು ಒಂದೊಂದಾಗಿ ಅವಳಿಗೆ ಓದಿ ಹೇಳಿದೆ. ಕ್ಯಾನ್ಸರಿನ ಪ್ರಶ್ನೆ ಬಂದಾಗ ತಲೆಯೆತ್ತದೆಯೇ ಹೇಳಿದೆ: “ಸಂಶಯದ ಗಾಯ ಏನಾದ್ರೂ ಇದ್ರೆ ಈ ಮದ್ದು ಸಿಗುದಿಲ್ಲ. ಅಂಥದ್ದು ನಿನಗೆ ಇಲ್ಲ ಅಲ್ವಾ?”

“ಇಲ್ಲ ಡಾಕ್ಟ್ರೆ,” ಎಂದಳು ಶಾಹಿನಾ. ನಾನು ‘ಇಲ್ಲ’ ಎಂದು ಬರೆದುಕೊಂಡೆ.

ಅದಾಗಿ ಕೆಲವು ತಿಂಗಳು ಪತ್ರವ್ಯವಹಾರದಲ್ಲೇ ಕಳೆಯಿತು. ಪ್ರತಿ ಭೇಟಿಯಲ್ಲೂ ನಾನು ಅವಳ ಬೆನ್ನಿನ ದೊಡ್ಡ ಗಾಯವನ್ನು ಅಳೆದು ಫೋಟೊ ತೆಗೆಯುತ್ತಿದ್ದೆ. ಜೆಲ್ ಹಾಕಬೇಕೆಂದಿದ್ದುದು ಅದಕ್ಕೇ. ಕಾಲಿನ ಡ್ರೆಸ್ಸಿಂಗನ್ನು ಅವಳು ಬಿಡಿಸಲು ಬಿಡುತ್ತಿರಲಿಲ್ಲ. “ಈಗಷ್ಟೇ ಕಟ್ಟಿದ್ದು ಡಾಕ್ಟ್ರೆ, ಬಿಡಿಸಿದ್ರೆ ನೋಯ್ತದೆ” ಎನ್ನುತ್ತಿದ್ದಳು. ಅಂಟಿದ ಬಟ್ಟೆ ಬಿಡಿಸುವ ನೋವು ನನಗೆ ಗೊತ್ತಿದ್ದುದರಿಂದ ಒತ್ತಾಯಿಸಲಿಲ್ಲ. ಕನಿಕರ ಎಂದುಕೊಂಡಿದ್ದೆ. ನಿಜವಾಗಿ ಅದು ಉದಾಸೀನ.

ಒಂದು ಬೆಳಿಗ್ಗೆ ಝೊಹರಾ ಹೆಮ್ಮೆಯಿಂದಲೇ ಮಾತು ತೆಗೆದರು. “ನಿಮಗೆ ಗೊತ್ತುಂಟಾ ಡಾಕ್ಟ್ರೆ? ಬಲಗಾಲು ಈಗ ಅವಳೇ ಕಟ್ಟುದು. ನನಗೆ ಮುಟ್ಲಿಕ್ಕೇ ಬಿಡುದಿಲ್ಲ. ಮೂರು ತಿಂಗಳಾಯ್ತು.”

ಎರಡೇ ಬೆರಳಿನ ಹುಡುಗಿ ಯಾಕೆ ತನ್ನ ಕಾಲನ್ನು ತಾನೇ ಕಟ್ಟಿಕೊಳ್ಳಲು ಹೊರಡುತ್ತಾಳೆ? ನಾನು ಪೆನ್ನು ಕೆಳಗಿಟ್ಟು ಶಾಹಿನಾಳನ್ನು ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಒಂದು ಚೀಟಿ ಕೊಟ್ಟು ಝೊಹರಾರನ್ನು ಔಷಧದ ಕೌಂಟರಿಗೆ ಕಳಿಸಿದೆ. ಬಾಗಿಲು ಮುಚ್ಚಿದ ಮೇಲೆ ಅವಳ ಪಕ್ಕದ ಸ್ಟೂಲಿನಲ್ಲಿ ಕುಳಿತೆ.

“ಎಂತ ಮಾರಾಯ್ತಿ, ತೋರಿಸುದಿಲ್ವಾ ನನಗೆ?”

ಅವಳು ಹೇಳಿದಳು: “ತೋರಿಸಿದ್ರೆ ಮದ್ದು ಸಿಗುದಿಲ್ಲ. ನೀವೇ ಹೇಳಿದ್ದಲ್ವಾ?”

ಉಪ್ಪುನೀರಿನಲ್ಲಿ ನೆನೆಸಿ ನಾನೇ ಬಟ್ಟೆ ಬಿಡಿಸಿದೆ. ಮೊಣಕಾಲಿನ ಕೆಳಗೆ, ನಿಂಬೆಹಣ್ಣಿನಷ್ಟು ಅಗಲದ ಗಾಯ. ಅಂಚು ದಪ್ಪವಾಗಿ ಮೇಲೆದ್ದಿತ್ತು, ನಡುವೆ ಹೂಕೋಸಿನಂತೆ ಉಬ್ಬಿತ್ತು. ನೋಡಿದೊಡನೆ ಗೊತ್ತಾಯಿತು.

“ಬೇರೆ ಗಾಯ ಉರೀತದೆ ಡಾಕ್ಟ್ರೆ. ಇದು ಹಾಗಲ್ಲ, ಒಳಗಿಂದ ಕುಟ್ಟಿದ ಹಾಗೆ. ನೀವು ಆ ಫಾರ್ಮ್ ಓದುವಾಗಲೇ ಈ ನೋವು ಇತ್ತು, ನೋಡ್ಲಿಕ್ಕೆ ಮಾತ್ರ ಆಗ ಬೇರೆ ಗಾಯದ ಹಾಗೇ ಇತ್ತು. ಉಮ್ಮನಿಗೆ ಹೇಳ್ಬೇಡಿ.”

“ಹೇಳದೆ ಆಗುದಿಲ್ಲ ಮಗಾ. ನಾನೇ ಹೇಳ್ತೇನೆ.”

ಝೊಹರಾ ಔಷಧದ ಕವರ್ ಹಿಡಿದು ಒಳಗೆ ಬಂದಾಗ ಗಾಯ ತೆರೆದೇ ಇತ್ತು. ಅವರು ನಿಂತಲ್ಲೇ ಅದನ್ನು ನೋಡಿದರು. ಇಷ್ಟು ವರ್ಷ ಮಗಳ ಮೈಯ ಒಂದೊಂದು ಗುಳ್ಳೆಯನ್ನೂ ಬಲ್ಲ ಕಣ್ಣಿಗೆ ನಾನು ವಿವರಿಸಬೇಕಾದ್ದು ಹೆಚ್ಚೇನೂ ಇರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಅವರು ಹತ್ತಿರ ಬಂದು ಮಗಳ ತಲೆಯ ಮೇಲೆ, ಮುಟ್ಟಿದರೂ ಮುಟ್ಟದಂತೆ, ಅಂಗೈ ಇಟ್ಟರು.

“ನೀನು ದೊಡ್ಡವಳಾದೆ ಅಂತ ನಾನು ಖುಷಿಪಟ್ಟೆ ಮಗಳೆ,” ಎಂದರು. ಆಗ ಶಾಹಿನಾ ಅತ್ತಳು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ನಮ್ಮ ಶಸ್ತ್ರಚಿಕಿತ್ಸಕರು ಸ್ಕ್ಯಾನಿಗೆ ಬರೆದುಕೊಟ್ಟು, ಮೂಳೆಗೆ ತಾಗಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಸ್ಕ್ಯಾನಿನಲ್ಲಿ ನೋಡಿದರೆ ಮೂಳೆಗೆ ತಾಗಿರಲಿಲ್ಲ, ತೊಡೆಸಂದಿಯ ಗ್ರಂಥಿಗಳಿಗೂ ಹೋಗಿರಲಿಲ್ಲ. ಸುತ್ತಲಿನ ಚರ್ಮವನ್ನೂ ಸೇರಿಸಿ ಗಡ್ಡೆ ತೆಗೆಯುವುದೆಂದಾಯಿತು.

ಇಂಥ ರೋಗಿಗೆ ಅರಿವಳಿಕೆ ಕೊಡುವುದೇ ಒಂದು ಸಾಹಸ. ಟೇಪ್ ಅಂಟಿಸುವಂತಿಲ್ಲ, ಇಸಿಜಿ ಸ್ಟಿಕ್ಕರ್ ಹಾಕುವಂತಿಲ್ಲ, ಕಂಕುಳಿಗೆ ಕೈ ಕೊಟ್ಟು ಎತ್ತುವಂತಿಲ್ಲ. ಹಿಂದಿನ ದಿನ ಝೊಹರಾರನ್ನು ಕರೆಸಿ, ಆಪರೇಷನ್ ಥಿಯೇಟರಿನ ಸಿಬ್ಬಂದಿಗೆ ನೀವೇ ಕಲಿಸಿಕೊಡಿ ಎಂದೆ. ಮೊದಲು ಸಂಕೋಚಪಟ್ಟರು. ಆಮೇಲೆ ಒಬ್ಬ ನರ್ಸನ್ನೇ ಮಂಚದ ಮೇಲೆ ಮಲಗಿಸಿ, ಹಾಸಿನ ನಾಲ್ಕು ಮೂಲೆ ಹಿಡಿದು ಎತ್ತುವುದು ಹೇಗೆ, ಟೇಪಿನ ಬದಲು ಗಾಜ್ ಸುತ್ತಿ ಸೂಜಿಯನ್ನು ನಿಲ್ಲಿಸುವುದು ಹೇಗೆ ಎಂದು ತೋರಿಸಿದರು. “ಹಿಡಿಯುದಲ್ಲ, ಕೈ ಕೆಳಗೆ ಕೊಡುದು ಮಾತ್ರ. ಅವಳೇ ಕೈಯ ಮೇಲೆ ಕೂತ್ಕೊಳ್ತಾಳೆ,” ಎಂದರು. ಅರಿವಳಿಕೆ ತಜ್ಞರು ಅದನ್ನು ಬರೆದುಕೊಂಡರು. ಮರುದಿನ ಆಪರೇಷನ್ ಮುಗಿದಾಗ ಶಾಹಿನಾಳ ಮೈಮೇಲೆ ಒಂದೇ ಒಂದು ಹೊಸ ಗುಳ್ಳೆ ಎದ್ದಿತ್ತು.

ತೆಗೆದ ಭಾಗದ ಅಂಚುಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ವರದಿ ಕೈಗೆ ಬಂದ ದಿನವೇ ನಾನು ಔಷಧ ಕಂಪನಿಯ ವೈದ್ಯರಿಗೆ ನಡೆದುದೆಲ್ಲವನ್ನೂ ಬರೆದೆ. ಅರ್ಜಿಯಲ್ಲಿ ತುಂಬಿದ ‘ಇಲ್ಲ’ ತಪ್ಪಾಗಿತ್ತು ಎಂದೂ ಬರೆದೆ. ಬಾಗಿಲು ಮುಚ್ಚಿತು ಎಂದೇ ನಂಬಿದ್ದೆ.

ಉತ್ತರ ಚಿಕ್ಕದಾಗಿತ್ತು. ಕ್ಯಾನ್ಸರ್ ಇರುವ ಗಾಯಕ್ಕೆ ಜೆಲ್ ಹಾಕಬಾರದು. ಆ ನಿಯಮ ಗಾಯಕ್ಕೆ ಸಂಬಂಧಿಸಿದ್ದು, ರೋಗಿಗಲ್ಲ. ಬೆನ್ನಿನ ಗಾಯದ ಬಯಾಪ್ಸಿ ಮಾಡಿಸಿ, ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಅರ್ಜಿ ಮುಂದುವರಿಸಬಹುದು.

ನಮೂನೆಯನ್ನು ಮತ್ತೆ ತೆಗೆದು ಓದಿದೆ. ಅಲ್ಲೂ ಹಾಗೆಯೇ ಇತ್ತು: ‘ಚಿಕಿತ್ಸೆ ನೀಡಬೇಕಾದ ಗಾಯದಲ್ಲಿ’ ಎಂದು. ಆ ಮಾತುಗಳನ್ನು ಅವಸರದಲ್ಲಿ ದಾಟಿ ಓದಿದವಳು ನಾನು. ಅವಳು ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಮೂರು ತಿಂಗಳು ಒಬ್ಬಳೇ ಆ ಹೆದರಿಕೆಯನ್ನು ಕಟ್ಟಿಕೊಂಡು ಕೂರುವ ಅಗತ್ಯವೂ ಇರಲಿಲ್ಲ.

ಇದನ್ನು ಅವಳಿಗೆ ಹೇಳದೆ ಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದಿನ ಭೇಟಿಯಲ್ಲಿ ಹೇಳಿದೆ. “ತಪ್ಪು ನನ್ನದು ಶಾಹಿನಾ. ನಾನು ಸರಿಯಾಗಿ ಓದಲಿಲ್ಲ,” ಎಂದೆ.

ಅವಳು ಯೋಚಿಸಿ ಹೇಳಿದಳು: “ನಾನೂ ಕೇಳ್ಬಹುದಿತ್ತು. ಕೇಳಿದ್ರೆ ನಿಮಗೆ ಗೊತ್ತಾಗ್ತದೆ ಅಂತ ಹೆದರಿದೆ.”

ಬೆನ್ನಿನ ಗಾಯದ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಅನುಮತಿಯೂ ಔಷಧವೂ ಬರಲು ಮತ್ತಷ್ಟು ತಿಂಗಳು ಹಿಡಿಯಿತು. ಹಿಮಗಟ್ಟಿದ ಸೀಸೆಯನ್ನು ನಮ್ಮ ಫಾರ್ಮಸಿಯಲ್ಲಿ ಕರಗಿಸಿ ಜೆಲ್‌ಗೆ ಬೆರೆಸಿ, ಬೆನ್ನಿನ ಗಾಯದ ಮೇಲೆ ಸಾಲಾಗಿ ಹನಿ ಹಾಕಿದೆವು. ವಾರಕ್ಕೊಮ್ಮೆ ಹೀಗೆ ನಡೆಯಿತು. ಏಳು ವರ್ಷದಿಂದ ಮಾಯದ ಗಾಯದ ಅಂಚು ಮೊದಲು ಒಳಗೆ ಸರಿಯಿತು, ಆಮೇಲೆ ನಡುವೆ ತೆಳುವಾದ ಗುಲಾಬಿ ಚರ್ಮ ಕಾಣಿಸಿತು. ಒಂದು ಸೋಮವಾರ ಡ್ರೆಸ್ಸಿಂಗ್ ತೆಗೆದರೆ ಗಾಯ ಮುಚ್ಚಿತ್ತು. ಝೊಹರಾ ಗ್ಲೌಸ್ ಕಳಚಿಟ್ಟು, ಒಂದು ಬೆರಳನ್ನು ಆ ಹೊಸ ಚರ್ಮದ ಮೇಲೆ ಬಹಳ ಹೊತ್ತು ಇಟ್ಟುಕೊಂಡರು.

ಕಾಯಿಲೆ ಇದ್ದೇ ಇದೆ. ಬೇರೆ ಕಡೆ ಗಾಯಗಳು ಆಗುತ್ತಲೇ ಇವೆ, ಕ್ಯಾನ್ಸರ್ ಮತ್ತೆ ಬರಬಹುದೆಂದು ಮೂರು ತಿಂಗಳಿಗೊಮ್ಮೆ ಮೈಯಿಡೀ ಪರೀಕ್ಷೆ ನಡೆಯುತ್ತದೆ. ಗಾಯ ಮುಚ್ಚಿದರೆ ಕ್ಯಾನ್ಸರಿನ ಭಯವೂ ಕಡಿಮೆಯಾಗುತ್ತದೆಯೇ ಎಂಬುದು ಇನ್ನೂ ಖಚಿತವಾಗಿಲ್ಲ. ಶಾಹಿನಾ ಈಗ ಟ್ಯೂಷನ್ ಜೊತೆಗೆ, ಇಬಿ ಇರುವ ಮಕ್ಕಳ ತಾಯಂದಿರೊಂದಿಗೆ ಫೋನಿನಲ್ಲಿ ಮಾತಾಡುತ್ತಾಳೆ.

ನಾನು ನಿವೃತ್ತಳಾದ ದಿನ ಕಿರಿಯ ವೈದ್ಯರು ಏನಾದರೂ ಹೇಳಿ ಎಂದರು. ಇದೊಂದನ್ನೇ ಹೇಳಿದೆ. ಆಸೆಯನ್ನು ಮೊದಲು ಮುಂದಿಟ್ಟು ಪ್ರಶ್ನೆ ಕೇಳಿದರೆ, ರೋಗಿ ಆ ಆಸೆಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಅದು ಸುಳ್ಳಲ್ಲ, ಬದುಕುವ ಆಸೆ. ಆದ್ದರಿಂದ ಮೊದಲು ಗಾಯ ನೋಡಿ. ಏನೇ ಕಂಡರೂ ನಾನು ನಿನ್ನ ಜೊತೆ ಇದ್ದೇನೆ ಎಂದು ಹೇಳಿ. ಅರ್ಜಿಯನ್ನು ಆಮೇಲೆ ತುಂಬಿಸಿ.