ಹಸಿ ಇದ್ದ ಬಿಳಿ ಬಣ್ಣ

ಜೇನು ಮಾರಲು ಬಂದ ಸಿದ್ದಿ ಅಜ್ಜ ಗಡಿಗೆ ಕೆಳಗಿಟ್ಟವನೇ, ಹೆಗಲ ಮೇಲಿನ ವಸ್ತ್ರ ತೆಗೆದು ಡ್ರಾಯಿಂಗ್ ಮಾಸ್ತರರ ಚಿತ್ರ ಒರೆಸತೊಡಗಿದ.

ದಾಂಡೇಲಿಯಲ್ಲಿ ಮಾಸ್ತರರದು ನನ್ನ ಪಕ್ಕದ ಖೋಲಿ. ಅವತ್ತು ಅಂಗಳದಲ್ಲಿ ಕೂತು ಬರೆದ ಚಿತ್ರದಲ್ಲಿ ಮರವೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಬರೀ ಕಪ್ಪು, ಹಸಿರು, ಅದರ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ.

"ಇದೇನ್ರಿ ಮಾಸ್ತರ, ಗ್ವಾಡಿಗೆ ಸುಣ್ಣಾ ಬಳದಂಗ ಐತಿ" ಎಂದು ಆಗಷ್ಟೇ ನಾನು ನಕ್ಕಿದ್ದೆ. ಅಜ್ಜ ನಗಲಿಲ್ಲ. ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ಹಾಕುವ ಗುರುತೂ ಬಿಳಿ ಪಟ್ಟಿಯೇ.

"ಏ ಅಜ್ಜಾ, ಬಿಡಪಾ! ಬಣ್ಣ ಇನ್ನೂ ಹಸಿ ಐತಿ!" ಎಂದು ಮಾಸ್ತರರು ಕೂಗಿದರು.

"ಹಸಿ ಇದ್ದಾಗನ ಒರಸಬೇಕ್ರಿ. ನಮ್ಮ ಹಿರ್ಯಾರಿಗೆ ಎಡಿ ಇಡೂ ಗಿಡಕ್ಕ ಬಳದದ್ದು ನಾ ನೋಡೂದ್ರಾಗ ಒಣಗಿತ್ತು. ಉಜ್ಜಿ ಉಜ್ಜಿ ಕೈ ಸುಲದ್ವು, ಹೋಗ್ಲಿಲ್ಲ. ಮರದಿನ ಕಡದ್ರು. ಈಗ ಎಡಿ ಎಲ್ಲಿ ಇಡೂಣು?"

ಮಾಸ್ತರರು ಕುಂಚ ಕೆಳಗಿಟ್ಟರು. ಅಜ್ಜ ಒರೆಸುತ್ತಲೇ ಇದ್ದ.

ನಾನು ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಉರುಳಿಸುವ ಆಳು. ತೊಗಟೆಯ ಮೇಲೆ ಬಿಳಿ ಪಟ್ಟಿ ಕಂಡರೆ ಈಗ ಹೆಬ್ಬೆರಳಿನಿಂದ ಉಜ್ಜಿ ನೋಡುತ್ತೇನೆ. ಒಂದೂ ಹೋಗುವುದಿಲ್ಲ.