ಗೋಲಿನ ಹಿಂದಿನ ಬಲೆ ಅಕ್ಕ

ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಕ್ರೀಡಾಂಗಣದ ದೊಡ್ಡ ಗೇಟು ತೆರೆಯಲು ಹೊತ್ತಿದೆ. ಪಕ್ಕದ ಚಿಕ್ಕ ಬಾಗಿಲಿನಿಂದ ಒಳಬಂದ ಹೆಂಗಸೊಬ್ಬರು ಚಪ್ಪಲಿ ಕಳಚಿಟ್ಟು, ನೆಟ್ಟಗೆ ಗೋಲುಕಂಬದ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಬಲೆಯ ಒಂದೊಂದು ಕಣ್ಣಿನ ಮೇಲೂ ಬೆರಳಾಡಿಸುತ್ತಾ ಕಂಬದ ಬುಡದಿಂದ ಮೇಲಕ್ಕೆ ಬರುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಅಲ್ಲಿ ಎಳೆ ಸವೆದು ಇನ್ನೇನು ಕಿತ್ತುಬರುವಂತಿದೆ.

"ಸಿಕ್ಕಿದ್ಯಾ? ನಿನ್ನೇ ಹುಡುಕ್ತಿದ್ದೆ" ಎಂದು ಆ ಎಳೆಗೇ ಹೇಳಿ, ದಾರ ಸುತ್ತಿದ ಚಪ್ಪಟೆ ಕಡ್ಡಿಯನ್ನು ಚೀಲದಿಂದ ತೆಗೆಯುತ್ತಾರೆ. ನಾಲ್ಕು ಗಂಟು ಬಿದ್ದ ಮೇಲೆ ಎದ್ದು, ಸೊಂಟ ನೀವಿಕೊಂಡು, ಹಳೆಯ ಚೆಂಡೊಂದನ್ನು ಆ ಜಾಗಕ್ಕೇ ಗುರಿಯಿಟ್ಟು ಒದೆಯುತ್ತಾರೆ. ಚೆಂಡು ಬಲೆಗೆ ಬಡಿದು ಅಲ್ಲೇ ಕೂರುತ್ತದೆ. "ಐವತ್ತೈದು ದಾಟಿದೋಳು ಬೆಳಬೆಳಗ್ಗೆ ಗೋಲು ಹೊಡೀತಾಳೆ ಅಂತ ವಾಚ್‌ಮನ್ ನಗ್ತಾನೆ. ನಗ್ಲಿ ಬಿಡಿ. ತಡೆಯೋರೂ ಯಾರೂ ಇಲ್ಲವಲ್ಲ!"

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಬಲೆ ಅಕ್ಕ ಎಂದೇ. ಮುಖ್ಯ ಮೈದಾನದಲ್ಲಿ ಎರಡು ಬಲೆ, ಅಭ್ಯಾಸದ ಮೈದಾನಗಳಲ್ಲಿ ಆರು. ಪಂದ್ಯಗಳ ಕಾಲ ಬಂತೆಂದರೆ ದಿನಕ್ಕೆ ನೂರಕ್ಕೂ ಹೆಚ್ಚು ಗಂಟು. ಬೆರಳ ತುದಿ ಒರಟಾಗಿ, ಬಿಸಿ ಲೋಟ ಹಿಡಿದರೂ ಈಗ ಗೊತ್ತಾಗುವುದಿಲ್ಲವಂತೆ. ಗೋಲು ಬಿದ್ದಾಗ ಕ್ಯಾಮೆರಾಗಳೆಲ್ಲ ಹೊಡೆದವನ ಹಿಂದೆ ಓಡುತ್ತವೆ. ಬಲೆಯ ಕಡೆ ನೋಡುವವರು ಅದರೊಳಗಿನಿಂದ ಚೆಂಡು ಹೆಕ್ಕಬೇಕಾದ ಗೋಲ್‌ಕೀಪರ್ ಮತ್ತು ಈ ಅಕ್ಕ, ಇಬ್ಬರೇ.

ಇದೇ ಕ್ರೀಡಾಂಗಣಕ್ಕೆ ಇವರು ಮೊದಲು ಬಂದದ್ದು ಅಪ್ಪನ ಹೆಗಲ ಮೇಲೆ. ಅಪ್ಪ ಬಾಟಲಿ ಕಾರ್ಖಾನೆಯಲ್ಲಿದ್ದರು. ಭಾನುವಾರ ಬಂತೆಂದರೆ ಅಪ್ಪ, ಅಮ್ಮ, ಅಣ್ಣ, ಅಜ್ಜಿ, ಎಲ್ಲರೂ ಸೇರಿ ಗೋಲಿನ ಹಿಂದಿನ ಅಗ್ಗದ ಮೆಟ್ಟಿಲುಗಳಲ್ಲಿ ಹಾಜರ್. ಕಾರಣ, ಚಿಕ್ಕಪ್ಪ. ಅಪ್ಪನ ತಮ್ಮ ಊರಿನ ತಂಡದಲ್ಲಿ ಮುಂಚೂಣಿಯ ಆಟಗಾರ. "ಅಮ್ಮ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಕೊಂಡು ಬರೋಳು. ಆಟ ಶುರುವಾಗೋಕ್ಕೆ ಮುಂಚೆನೇ ಅಣ್ಣ ಎಲ್ಲಾ ಖಾಲಿ ಮಾಡ್ಬಿಡೋನು. ಅಪ್ಪನಿಗೆ ಮನೇಲಿ ಬಾಯೇ ಇಲ್ಲ, ಇಲ್ಲಿಗೆ ಬಂದ್ರೆ ಮೈಕೇ ಬೇಡ!"

ಅಜ್ಜಿಯದು ಬೇರೆಯೇ ಕಥೆ. ಮಗನ ಕಾಲಿಗೆ ಚೆಂಡು ಸಿಕ್ಕಿತೋ, ಅಂಗೈಯಲ್ಲಿ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಬಿದ್ನಾ?" ಎಂದು ಮೊಮ್ಮಗಳನ್ನು ಕೇಳುವುದು. "ಇಲ್ಲ ಅಜ್ಜಿ, ಓಡ್ತಿದಾನೆ." ಮತ್ತೆ ಸ್ವಲ್ಪ ಹೊತ್ತಿಗೆ, "ಈಗ ಬಿದ್ನಾ?" ಒಂದು ಪಂದ್ಯವನ್ನೂ ತಪ್ಪಿಸದ ಅಜ್ಜಿ ಮಗನ ಆಟವನ್ನು ಮಾತ್ರ ನೋಡಿದ್ದೇ ಇಲ್ಲ.

ನೋಡಿದ್ದು ಒಂದೇ ಒಂದು ಸಲ. ಅಕ್ಕನಿಗೆ ಆಗ ಒಂಬತ್ತು ವರ್ಷ. ಅಂದು ದೊಡ್ಡ ಕಾರ್ಖಾನೆಯೊಂದರ ತಂಡಕ್ಕೆ ಆಟಗಾರರನ್ನು ಆರಿಸಲು ಇಬ್ಬರು ಬಂದು ಕೂತಿದ್ದರು. ತಂಡಕ್ಕೆ ಸೇರಿದರೆ ಕಾಯಂ ನೌಕರಿ. ಆಟ ಮುಗಿಯುವ ಹೊತ್ತಿಗೆ ಚಿಕ್ಕಪ್ಪ ಬೀಸಿ ಒದ್ದ ಚೆಂಡು ನೆಲಕ್ಕೆ ತಾಗಿದಂತೆ ನುಗ್ಗಿ, ಕಂಬದ ಒಳಮೈ ಸವರಿ, ಬಲೆಯ ಮೂಲೆಯಲ್ಲಿದ್ದ ಹರಕಿನಿಂದ ತೂರಿ ಹಿಂದಿನ ಬೇಲಿಗೆ ಬಡಿಯಿತು. ದೂರದಲ್ಲಿದ್ದ ರೆಫರಿಗೆ ಚೆಂಡು ಕಂಬದ ಹೊರಗಿನಿಂದ ಹೋದಂತೆ ಕಂಡಿತು. ಗೋಲಿಲ್ಲ ಎಂದುಬಿಟ್ಟರು.

"ನಮ್ಮ ಕಣ್ಣೆದುರಿಗೇ ಒಳಗೆ ಹೋಗಿತ್ತು. ಅಪ್ಪ ಬೇಲಿ ಹತ್ತಿ ಕೂಗಿದ್ರು. ನಾವು ಚಿಕ್ಕಪ್ಪನ ಮನೆಯೋರು ತಾನೆ, ನಮ್ಮ ಮಾತು ಯಾರು ಕೇಳ್ತಾರೆ?" ತಂಡ ಸೋತಿತು. ಆರಿಸಲು ಬಂದವರು ಎದ್ದುಹೋದರು. ರಾತ್ರಿ ಊಟ ಬೇಡವೆಂದು ಮಲಗಿದ ಮಗನ ಪಕ್ಕ ಕೂತು ಅಜ್ಜಿ, "ನಾನು ಕಂಡೆ ಕಣೋ. ಇವತ್ತು ಕಣ್ಣು ಮುಚ್ಚಿರ್ಲಿಲ್ಲ. ಒಳಗೇ ಹೋಯ್ತು" ಎಂದರಂತೆ. ಚಿಕ್ಕಪ್ಪ ಗೋಡೆ ಕಡೆ ತಿರುಗಿ, "ನೀನು ಕಂಡ್ಯಲ್ಲಮ್ಮ, ಸಾಕು ಬಿಡು" ಎಂದರು. ಮುಂದೆ ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿಕೊಂಡರು. ಮತ್ತೆ ಈ ಕಡೆ ಕಾಲಿಡಲಿಲ್ಲ. ಮನೆಯವರ ಭಾನುವಾರಗಳೂ ಅಲ್ಲಿಗೇ ನಿಂತುಹೋದವು.

ಮದುವೆಯಾಗಿ, ಮಕ್ಕಳು ಶಾಲೆ ಸೇರಿದ ಮೇಲೆ ಅಕ್ಕ ಇಲ್ಲಿಗೆ ಮರಳಿದ್ದು ಗ್ಯಾಲರಿ ಗುಡಿಸುವ ಕೆಲಸಕ್ಕೆ. ಒಂದು ಬೆಳಗ್ಗೆ ಕಸದ ಬುಟ್ಟಿ ಹೊತ್ತು ಗೋಲಿನ ಹಿಂದೆ ಹಾದುಹೋಗುವಾಗ ಬಲೆಯಲ್ಲಿ ಹರಕು ಕಂಡಿತು. ಮೈದಾನದ ಮೇಸ್ತ್ರಿಯನ್ನು ಕೇಳಿದರು.

"ಅಷ್ಟು ಸಣ್ಣದಕ್ಕೆ ಏನಾಗುತ್ತಮ್ಮ, ಬಿಡಿ" ಎಂದರು ಅವರು.

"ಸಣ್ಣದಲ್ಲ ಸಾರ್, ಚೆಂಡು ಹೋಗೋಷ್ಟಿದೆ."

ಬುಟ್ಟಿ ಕೆಳಗಿಟ್ಟು ತಾವೇ ಕೂತರು. ಮೊದಲ ಗಂಟುಗಳು ಗೋಲಿಯಾಟದ ಗೋಲಿಯಷ್ಟು ದಪ್ಪ. ಗೋಲ್‌ಕೀಪರ್ ಒಬ್ಬನ ಬೆರಳು ಸಿಕ್ಕಿಹಾಕಿಕೊಂಡು ಬೈಸಿಕೊಂಡದ್ದೂ ಆಯಿತು. ಎಸೆಯಲಿದ್ದ ಹಳೆಯ ಬಲೆಯೊಂದನ್ನು ಮನೆಗೊಯ್ದು, ಕಿಟಕಿ ಸರಳಿಗೆ ಕಟ್ಟಿ, ಬಿಚ್ಚಿ ಬಿಚ್ಚಿ ಹೆಣೆದು ಕಲಿತರು. ಅಡುಗೆಮನೆಗೆ ಹೋಗಬೇಕೆಂದರೆ ಬಲೆ ದಾಟಬೇಕು. "ಮದುವೆ ದಿನಾನೇ ಬಲೆಗೆ ಬಿದ್ದೋನು ನಾನು, ಇನ್ನೂ ಬಿಚ್ಚಿಕೊಂಡಿಲ್ಲ" ಎಂದು ಗಂಡ ರೇಗಿಸುತ್ತಾರೆ.

ಬರಬರುತ್ತಾ ಪೊರಕೆ ಹೋಗಿ ಬಲೆಯೇ ಕೆಲಸವಾಯಿತು. ಚಿಕ್ಕಪ್ಪನಿಗೆ ಮಾತ್ರ ಈ ಕೆಲಸದ ಸುದ್ದಿಯನ್ನು ಅಕ್ಕ ವರ್ಷಗಟ್ಟಲೆ ಹೇಳಿರಲಿಲ್ಲ. ಗುಡಿಸುತ್ತಾಳೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಹೋದ ವರ್ಷ ಒಂದು ಮಧ್ಯಾಹ್ನ ಅವರು ಹೇಳದೆ ಕೇಳದೆ ಮನೆಗೆ ಬಂದುಬಿಟ್ಟರು. ನಡುಮನೆಯ ತುಂಬಾ ಬಲೆ. ಸುತ್ತಿಡಲು ಅಕ್ಕನಿಗೆ ಹೊತ್ತೇ ಸಿಗಲಿಲ್ಲ. ಎಪ್ಪತ್ತರ ಆ ಹಿರಿಯರು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ಮೆಲ್ಲಗೆ ಕೂತು, ಮೂಲೆಯ ಗಂಟೊಂದನ್ನು ಎಳೆದು ನೋಡಿ ಕೇಳಿದರು: "ಎಷ್ಟು ದಿನದಿಂದ ಮಾಡ್ತಿದೀಯಾ?"

"ತುಂಬಾ ವರ್ಷ ಆಯ್ತು ಚಿಕ್ಕಪ್ಪ."

"ಯಾಕೆ ಹೇಳ್ಲಿಲ್ಲ?"

"ನಿಮಗೆ ನೋವಾಗುತ್ತೇನೋ ಅಂತ."

ಅವರು ಬಲೆಯ ಇನ್ನೊಂದು ತುದಿಯನ್ನು ಎತ್ತಿ ಮಂಡಿಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದರು. "ಹೂಂ, ಹಾಕು ಗಂಟು. ಸಡಿಲ ಬಿಡಬೇಡ." ಸಂಜೆಯವರೆಗೂ ಇಬ್ಬರೂ ಹಾಗೇ ಕೂತಿದ್ದರು. ನಡುವೆ ಒಮ್ಮೆ ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರಂತೆ, ಅಷ್ಟೇ. ಈಗ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾರೆ, ಎಳೆ ಹಿಡಿದುಕೊಡಲು. ಮನೆಯವರೆಗೆ ಮಾತ್ರ; ಮೈದಾನದ ಮಾತೆತ್ತಿದರೆ "ನೋಡೋಣ" ಎನ್ನುತ್ತಿದ್ದರು. ಕಳೆದ ವಾರ ಮೊದಲ ಬಾರಿಗೆ "ಆಗಲಿ, ಬರ್ತೀನಿ" ಎಂದಿದ್ದಾರೆ.

ಪಂದ್ಯದ ದಿನ ಅಕ್ಕನ ಜಾಗ ಗೋಲಿನ ಪಕ್ಕದ ಮೋಟು ಬೆಂಚು. ಅಲ್ಲಿಂದ ಅರ್ಧ ಮೈದಾನ ಕಾಣುವುದೇ ಇಲ್ಲ. ಬರುವ ಭಾನುವಾರ ಮಾತ್ರ ಆ ಬೆಂಚಿನಲ್ಲಿ ಮೇಸ್ತ್ರಿ ಕೂರುತ್ತಾರೆ. ಅಕ್ಕ ರಜೆ ಕೇಳಿದ್ದಾರೆ, ಸಿಕ್ಕಿದೆ.

"ಚಿಕ್ಕವಳಿದ್ದಾಗ ಎಷ್ಟೊಂದು ಮ್ಯಾಚ್ ನೋಡಿದ್ವಿ. ಮನೆಯೋರೆಲ್ಲ ಜೊತೆಗಿರ್ತಿದ್ರು, ಚಿಕ್ಕಪ್ಪ ಒಬ್ರನ್ನ ಬಿಟ್ಟು. ಅವರು ಕೆಳಗೆ ಆಡ್ತಿದ್ರಲ್ಲ. ಅವರ ಪಕ್ಕ ಕೂತು ಒಂದು ಆಟ ನೋಡ್ಬೇಕು ಅಂತ ಆಸೆ, ಇನ್ನೇನಿಲ್ಲ" ಎನ್ನುತ್ತಾ ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

ಅಂದಾದರೂ ಬಲೆಯ ಚಿಂತೆ ಬಿಟ್ಟು ಆಟ ನೋಡುತ್ತೀರಾ ಎಂದರೆ, ನಕ್ಕುಬಿಡುತ್ತಾರೆ.

"ನಾನು ಬಿಟ್ರೂ ಚಿಕ್ಕಪ್ಪ ಬಿಡಬೇಕಲ್ಲ! ಈಗಲೇ ಕೇಳಿದಾರೆ, ಗೋಲಿನ ಹಿಂದೇನೇ ಸೀಟು ಸಿಗುತ್ತಾ ಅಂತ."