ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದು ಬರೆದಿದ್ದೆ

ಎಂಬತ್ತರ ದಶಕದಲ್ಲಿ ನಾನು ತಮಿಳು ಸೀಮೆಯ ಮದುಕ್ಕರೈ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಹಳ್ಳಿ ನರ್ಸ್ ಆಗಿದ್ದೆ. ಸುತ್ತಲಿನ ಊರುಗಳಲ್ಲಿ ಬಸುರಿಯರ ಹೆಸರು ಬರೆದುಕೊಳ್ಳುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ರಕ್ತ ಕಡಿಮೆ ಇದ್ದವರಿಗೆ ಕಬ್ಬಿಣದ ಮಾತ್ರೆ ಹಂಚುವುದು ನನ್ನ ಕೆಲಸ. ನನ್ನದೇ ಊರೂ ಅದರಲ್ಲಿ ಸೇರಿತ್ತು. ಊರಿನ ಒಂದು ಬೀದಿ ಪೂರ್ತಿ ನಮ್ಮವರೇ, ಮನೆಯೊಳಗೆ ಕನ್ನಡ ಆಡುವ ಬೇಸಾಯದ ಕುಟುಂಬಗಳು. ಹೊಸ್ತಿಲು ದಾಟಿದರೆ ಎಲ್ಲರದೂ ತಮಿಳೇ. ನಾನು ಓದಿದ್ದೂ ತಮಿಳಿನಲ್ಲೇ. ಕನ್ನಡದ ಅಕ್ಷರ ಕಲಿತದ್ದು ಬಹಳ ವರ್ಷಗಳ ಮೇಲೆ, ಮದುವೆಯಾಗಿ ಮೈಸೂರಿಗೆ ಬಂದ ಮೇಲೆ.

ಒಂದು ದಿನ ನಮ್ಮಲ್ಲಿ ಎಂಟು ಮಂದಿಯನ್ನು ಆರಿಸಿ, ಶನಿವಾರ ಶನಿವಾರ ಪಟ್ಟಣದ ಪೀಳಮೇಡಿಗೆ ಹೋಗಿ ಪಾಠ ಕೇಳಬೇಕೆಂದು ಹೇಳಿದರು. ಅಲ್ಲಿನ ಆಸ್ಪತ್ರೆಯೊಂದರ ಮಾನಸಿಕ ರೋಗಗಳ ಡಾಕ್ಟರಮ್ಮ ಪಾಠ ಮಾಡುತ್ತಿದ್ದರು. ನರೆತ ಕೂದಲು, ಗಂಜಿ ಹಾಕಿದ ಹತ್ತಿ ಸೀರೆ, ಮೆಲುದನಿ. ಮೊದಲ ದಿನ ನಾವೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೆವು. ಹುಚ್ಚರನ್ನು ಗುರುತಿಸಲು ಪಾಠ ಬೇರೆ ಬೇಕೇ ಎಂದು.

ಡಾಕ್ಟರಮ್ಮ ನಮ್ಮ ನಗು ಮುಗಿಯುವವರೆಗೆ ಕಾದರು. ಆಮೇಲೆ ತಮಿಳಿನಲ್ಲಿ ಹೇಳಿದರು: "ಬೀದಿಯಲ್ಲಿ ಕಲ್ಲು ಹೊಡೆಯುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಅವನಿಗಾಗಿ ನಿಮ್ಮನ್ನು ಕರೆದಿಲ್ಲ. ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಕೂತುಬಿಟ್ಟವರು ಇರುತ್ತಾರೆ. ಅವರು ನನ್ನ ಬಳಿಗೆ ತಾವಾಗಿ ಬರುವುದಿಲ್ಲ. ನೀವು ಮನೆಯೊಳಗೆ ಹೋಗುವವರು. ನೀವೇ ಹುಡುಕಬೇಕು."

ನಮ್ಮ ಮನೆಯಲ್ಲೇ ಅಂಥವರೊಬ್ಬರು ಕೂತಿದ್ದರು.

ಅವರು ನನ್ನ ಚಿಕ್ಕವ್ವ, ಅಪ್ಪನ ತಮ್ಮನ ಹೆಂಡತಿ. ಸತ್ಯಮಂಗಲದ ಆಚೆಯ ಕನ್ನಡದ ಹಳ್ಳಿಯಿಂದ ಮದುವೆಯಾಗಿ ಬಂದವರು. ನನಗಿಂತ ಮೂರು ವರ್ಷ ದೊಡ್ಡವರು, ಅಷ್ಟೆ. ಬಂದ ಹೊಸದರಲ್ಲಿ ಸೊಂಟಕ್ಕೊಂದು ತಲೆಗೊಂದು ಕೊಡ ಇಟ್ಟುಕೊಂಡು, ತಮಗೆ ಬಾರದ ತಮಿಳನ್ನು ತಪ್ಪುತಪ್ಪಾಗಿ ಆಡಿ ಬೀದಿಯವರನ್ನೆಲ್ಲ ನಗಿಸುತ್ತಿದ್ದರು. ಹೆಣ್ಣುಮಗು ಹುಟ್ಟಿದ ಕೆಲವೇ ದಿನಕ್ಕೆ ಅವರ ಮಾತು ನಿಂತಿತು. ಊಟ ಬಿಟ್ಟರು. ಮೇವು ತುಂಬುವ ಕೋಣೆಯಲ್ಲಿ ಗೋಡೆಗೊರಗಿ ಕೂತರೆ ಕೂತೇ ಇರುತ್ತಿದ್ದರು. ಮಗುವನ್ನು ಸಾಕುತ್ತಿದ್ದದ್ದು ನನ್ನ ಅಜ್ಜಿ. ಗಾಳಿ ಸೋಕಿದೆ ಎಂದು ಪೂಜಾರಿಯನ್ನು ಕರೆಸಿ ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ತಾಯಿತ ಕಟ್ಟಿಸಿದರು. ನೆರೆಹೊರೆಗೆ ಮಾತ್ರ "ಅವಳಿಗೆ ರಕ್ತ ಕಮ್ಮಿ" ಎಂದು ಹೇಳಿಕೊಂಡು ಬಂದರು. ಆ ಸುಳ್ಳಿಗೆ ನಾನೂ ಸೇರಿದ್ದೆ. ಐದು ತಿಂಗಳು, ನರ್ಸ್ ಆಗಿದ್ದುಕೊಂಡು, ಕೋಣೆಯ ಬಾಗಿಲಲ್ಲಿ ನಿಂತು ಅವರಿಗೆ ಕಬ್ಬಿಣದ ಮಾತ್ರೆ ಕೊಟ್ಟುಹೋಗುತ್ತಿದ್ದೆ.

ನಾಲ್ಕನೆಯ ವಾರ ಡಾಕ್ಟರಮ್ಮ ನಮಗೆಲ್ಲ ತಮಿಳಿನ ಪ್ರಶ್ನೆಗಳ ಹಾಳೆ ಕೊಟ್ಟು, ಮನೆಮನೆಗೆ ಹೋಗಿ ಕೇಳಿಕೊಂಡು ಬರಲು ಹೇಳಿದರು. ನಮ್ಮ ಬೀದಿಯಲ್ಲಿ ಹಾಳೆ ಹಿಡಿದು ಕೇಳಿದರೆ ಎಲ್ಲರೂ ತಲೆ ಅಲ್ಲಾಡಿಸಿ ಇಲ್ಲ ಎಂದರು. ನಮ್ಮ ಮನೆಯ ಹಾಳೆಯನ್ನು ನಾನು ಯಾರನ್ನೂ ಕೇಳದೆ ತುಂಬಿದೆ. ಕೊನೆಯಲ್ಲಿ 'ಯಾರೂ ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಮುಂದಿನ ಶನಿವಾರ ಡಾಕ್ಟರಮ್ಮ ನನ್ನ ಹಾಳೆಗಳ ಕಟ್ಟನ್ನು ತಿರುವಿ ನೋಡಿ, "ಒಂದು ಬೀದಿ ಪೂರ್ತಿ ಒಬ್ಬರಿಗೂ ಏನೂ ಇಲ್ಲ. ಅಲ್ಲಿ ಮನುಷ್ಯರು ಇದ್ದಾರೋ, ದೇವರುಗಳೋ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪಾಠ ಮುಗಿದ ಮೇಲೆ ಊರಿನ ಬಸ್ಸು ಹಿಡಿಯಲು ಉಕ್ಕಡಂ ಬಸ್ ಸ್ಟ್ಯಾಂಡಿನವರೆಗೆ ಬಂದೆ. ಮದುಕ್ಕರೈ ಬಸ್ಸು ಬಂದು ನಿಂತಿತು, ಜನ ಹತ್ತಿದರು, ಬಸ್ಸು ಹೊರಟಿತು. ನಾನು ಹತ್ತಲಿಲ್ಲ. ಬಂದ ದಾರಿಯಲ್ಲೇ ಪೀಳಮೇಡಿಗೆ ವಾಪಸ್ ಹೋದೆ. ಡಾಕ್ಟರಮ್ಮ ಕೋಣೆಗೆ ಬೀಗ ಹಾಕುತ್ತಿದ್ದರು. ವರಾಂಡದಲ್ಲೇ ನಿಂತು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ.

ಅವರು ಬೀಗ ತೆರೆದು ನನ್ನನ್ನು ಒಳಗೆ ಕೂರಿಸಿದರು. "ಇನ್ನೂ ಎಷ್ಟು ಜನ ಹೀಗೆ ಬರೆದಿದ್ದಾರೋ ನನಗೆ ಗೊತ್ತಿಲ್ಲ. ತಿರುಗಿ ಬಂದವಳು ನೀನೊಬ್ಬಳೇ" ಎಂದರು. ಆಮೇಲೆ, "ಯಾವತ್ತು ಕರ್ಕೊಂಡು ಬರ್ತೀಯ?" ಎಂದು ಕೇಳಿದರು.

ಮನೆಯಲ್ಲಿ ವಿಷಯ ಎತ್ತಿದಾಗ ಅಜ್ಜಿ ಕಡಲೆಕಾಯಿ ಸುಲಿಯುತ್ತಿದ್ದವರು ಮೊರವನ್ನು ಪಕ್ಕಕ್ಕೆ ಸರಿಸಿದರು. ಮುದ್ದಿಗೆ 'ಕಣ್ಣು', ಹುಚ್ಚಿಗೆ 'ಪೈತ್ಯ', ಹೀಗೆ ಅವರ ಕನ್ನಡದ ನಡುವೆ ತಮಿಳಿನ ಮಾತು ಬರುತ್ತಿತ್ತು.

"ಕಣ್ಣು, ಪೈತ್ಯದ ಆಸ್ಪತ್ರೆ ಮೆಟ್ಲು ಹತ್ತಿದ ಮನೆಗೆ ಯಾರು ಹೆಣ್ಣು ಕೇಳ್ಕೊಂಡು ಬತ್ತಾರೆ? ಬರೋ ತಿಂಗಳು ನಿನ್ನ ನೋಡಕ್ಕೆ ಬತ್ತೀವಿ ಅಂದವ್ರೆ."

"ಬರದಿದ್ರೆ ಬ್ಯಾಡ ಬಿಡಜ್ಜಿ."

"ಹೇಳದು ಸುಲಭ."

ಚಿಕ್ಕಪ್ಪ ಹೆಚ್ಚು ಮಾತಿನವರಲ್ಲ. ಅಷ್ಟು ಹೊತ್ತು ಎತ್ತಿಗೆ ಹಗ್ಗ ಹೊಸೆಯುತ್ತ ಜಗಲಿಯಲ್ಲಿದ್ದವರು ಒಳಗೆ ಬಂದು, "ಅವ್ವ, ನಾನು ಕರ್ಕೊಂಡೋಗ್ತೀನಿ. ಪೂಜಾರಿ ಹೊಡೆದಿದ್ದು ಸಾಕು" ಎಂದರು. ಅವರು ಅಜ್ಜಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಹೊರಡುವ ಬೆಳಗ್ಗೆ ನೋಡಿದರೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದ್ದಕ್ಕೆ ಚಿಕ್ಕವ್ವ ಉತ್ತರವನ್ನೇ ಕೊಡಲಿಲ್ಲ. ನಾನು ಹಾಳೆಯ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿದೆ. ಮನಸ್ಸಿನಲ್ಲಿ ದುಃಖ ಇದೆಯಾ, ಉತ್ಸಾಹ ಕಡಿಮೆಯಾಗಿದೆಯಾ. ನಮ್ಮ ಮನೆಗಳಲ್ಲಿ ಯಾರೂ ಆಡದ ಮಾತು. ಚಿಕ್ಕವ್ವ ನೆಲ ನೋಡುತ್ತ ಕೂತಿದ್ದರು.

"ಹಾಳೆ ಕೆಳಗಿಡು. ನಿಮ್ಮ ಮನೆಯಲ್ಲಿ ಹೇಗೆ ಕೇಳ್ತೀರೋ ಹಾಗೆ ಕೇಳು" ಎಂದರು ಡಾಕ್ಟರಮ್ಮ.

ನಾನು ಬೆಂಚಿನಿಂದಿಳಿದು ಚಿಕ್ಕವ್ವನ ಕಾಲ ಬಳಿ ಕೂತೆ. ಐದು ತಿಂಗಳಲ್ಲಿ ಅಷ್ಟು ಹತ್ತಿರ ಕೂತಿದ್ದೇ ಇಲ್ಲ. "ಚಿಕ್ಕವ್ವ, ಬೆಳಗ್ಗೆ ಎದ್ದ ಕೂಡ್ಲೆ ಎಂಗಿರ್ತದೆ ನಿಂಗೆ?"

ಚಿಕ್ಕವ್ವ ಗಂಟಲು ಸರಿಮಾಡಿಕೊಂಡು, "ಯಾಕಾದ್ರೂ ಬೆಳಕಾಯ್ತೋ ಅನ್ಸ್ತದೆ" ಎಂದರು.

"ಮಗಾ ಅತ್ರೆ?"

"ಪಕ್ಕದ ಮನೆ ಮಗಾ ಅತ್ತಂಗೆ ಕೇಳ್ತದೆ. ಎದ್ದೋಗಣ ಅಂದ್ರೆ ಕಾಲು ಬರಲ್ಲ. ನಾನು ಕೆಟ್ಟ ತಾಯಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಸಾಯಬೇಕು ಅನ್ನಿಸುತ್ತದೆಯೇ ಎಂದು ಕೇಳಲು ಹೇಳಿದರು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುವುದಿಲ್ಲವೇ ಎಂದೆ. "ಇಲ್ಲಮ್ಮಾ, ಕೇಳಿದರೆ ಭಾರ ಇಳಿಯುತ್ತದೆ. ಕೇಳು" ಎಂದರು. ಕೇಳಿದೆ. ಚಿಕ್ಕವ್ವ, "ಒಂದೊಂದ್ಸಲ" ಎಂದು ಹೇಳಿ ಬಿಕ್ಕಿ ಬಿಕ್ಕಿ ಅತ್ತರು. ಅಜ್ಜಿ ಮಗುವನ್ನು ನನ್ನ ಮಡಿಲಿಗೆ ಹಾಕಿ, ಹೋಗಿ ಸೊಸೆಯ ಎರಡೂ ಕೈ ಹಿಡಿದುಕೊಂಡರು.

ಇದು ಗಾಳಿಯಲ್ಲ, ಹೆರಿಗೆಯ ಮೇಲೆ ಕೆಲವರಿಗೆ ಬರುವ ಕಾಯಿಲೆ, ವಾಸಿಯಾಗುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಾತ್ರೆಯ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಇವರನ್ನು ಒಂಟಿಯಾಗಿ ಬಿಡಬಾರದು ಎಂದರು. ಅಜ್ಜಿ ಎಲ್ಲ ಕೇಳಿಸಿಕೊಂಡು ಡಾಕ್ಟರಮ್ಮನಿಗೆ ತಮಿಳಿನಲ್ಲಿ ಮೆಲ್ಲಗೆ, "ನಮ್ಮವ್ವನೂ ನನ್ನ ತಮ್ಮನ್ನ ಹೆತ್ತ ಮೇಲೆ ಹಿಂಗೇ ಕೂತಿದ್ಲು" ಎಂದರು. ಆ ಮಾತು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಅಜ್ಜಿ ತಮ್ಮ ಚಾಪೆಯನ್ನು ಚಿಕ್ಕವ್ವನ ಪಕ್ಕಕ್ಕೆ ಹಾಕಿಕೊಂಡರು. ಮೊದಲ ಎರಡು ವಾರ ಏನೂ ಆಗಲಿಲ್ಲ. ಬಾಯಿ ಒಣಗುತ್ತದೆ ಎಂದು ಚಿಕ್ಕವ್ವ ಮಾತ್ರೆಯನ್ನು ಉಗಿದರು. ಚಿಕ್ಕಪ್ಪ ನೀರಿನ ಚೊಂಬು ಹಿಡಿದು ಎದುರೇ ಕೂತು ಮತ್ತೆ ನುಂಗಿಸಿದರು. ಮೂರನೆಯ ಸಲ ಆಸ್ಪತ್ರೆಗೆ ಹೊರಟಿದ್ದೆವು. ಉಕ್ಕಡಂನಲ್ಲಿ ಇಳಿದಾಗ ಮೀನು ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿತು. ಚಿಕ್ಕವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಥೂ! ಏನ್ ನಾತ ಇದು! ಈ ಜನ ಎಂಗೆ ನಿಲ್ತಾರೆ ಇಲ್ಲಿ?" ಎಂದು ಬೈದರು. ತಾವಾಗಿ ಆಡಿದ ಮೊದಲ ಮಾತು ಅದು. ಚಿಕ್ಕಪ್ಪ ನಗಲು ಹೋಗಿ ಅತ್ತುಬಿಟ್ಟರು. ಇದೇನು ಹುಚ್ಚು ಎಂಬಂತೆ ಚಿಕ್ಕವ್ವ ನಮ್ಮಿಬ್ಬರನ್ನೂ ನೋಡಿದರು.

ನನ್ನನ್ನು ನೋಡಲು ಬರಬೇಕಿದ್ದವರು ಬರಲಿಲ್ಲ. ಅಜ್ಜಿ ಹೇಳಿದ್ದು ನಿಜವಾಯಿತು. ಆದರೆ ಅಜ್ಜಿಯೇ ಆ ಸಂಜೆ, "ಹೋದ್ರೆ ಹೋಗ್ಲಿ ಕಣ್ಣು. ಬುದ್ಧಿ ಇರೋರು ಬತ್ತಾರೆ" ಎಂದು ನನ್ನ ತಲೆ ಸವರಿದರು.

ಚಿಕ್ಕವ್ವ ಚೇತರಿಸಿಕೊಳ್ಳುತ್ತಿದ್ದಾಗ ಡಾಕ್ಟರಮ್ಮ ನನಗೆ ಹೊಸ ಕೆಲಸ ಕೊಟ್ಟರು. ಕನ್ನಡದ ಮನೆಗಳಿಗೆ ಕನ್ನಡದ್ದೇ ಪ್ರಶ್ನೆಗಳು ಬೇಕು, ನೀನು ಮಾಡು ಎಂದರು. ನಾನು ಚಿಕ್ಕವ್ವನ ಜೊತೆ ಹಿತ್ತಲಲ್ಲಿ ಕೂತು ಮಾಡಿದೆ. ಬೆಳಗಾದರೆ ಎದ್ದೇಳಲು ಮನಸ್ಸಾಗುತ್ತದಾ, ಮಗು ಅತ್ತರೆ ದೂರದಲ್ಲಿ ಅತ್ತಂತೆ ಕೇಳುತ್ತದಾ, ಉಪ್ಪು ಹಾಕಿದೆಯೋ ಇಲ್ಲವೋ ಎಂಬುದೇ ಮರೆಯುತ್ತದಾ. ಎಲ್ಲ ಅವರ ಮಾತು. ಬರೆದದ್ದು ತಮಿಳಿನ ಅಕ್ಷರದಲ್ಲಿ, ನನಗೆ ಬರುತ್ತಿದ್ದದ್ದು ಅದೊಂದೇ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ಮನೆಮನೆ ಕೇಳಲು ನನ್ನ ಜೊತೆ ಬಂದಿದ್ದ ತಮಿಳು ನರ್ಸ್ ಒಬ್ಬಳು 'ಗಂಡ ಬೈತಾನಾ' ಎಂಬುದನ್ನು 'ಕಂಡ ಪೈತಾನಾ' ಎಂದು ಗಟ್ಟಿಯಾಗಿ ಓದಿದಳು. ನಮ್ಮ ಬೀದಿಯ ಮುದುಕಿಯೊಬ್ಬಳು, "ಯಾರು ಕಂಡ? ಏನು ಕಂಡ?" ಎಂದು ಎದ್ದೇ ನಿಂತಳು. ಆ ನಗುವಿನಲ್ಲೇ ಆ ಮುದುಕಿ, ಗಂಡ ಸತ್ತಾಗಿನಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲವೆಂದು ಹೇಳಿದಳು. ಯಾರೂ ಇಲ್ಲ ಎಂದು ನಾನು ಬರೆದುಕೊಟ್ಟಿದ್ದ ಬೀದಿಯಲ್ಲಿ, ಸರಿಯಾಗಿ ಕೇಳಿದಾಗ, ಇನ್ನೂ ಮೂರು ಮನೆಗಳಲ್ಲಿ ಜನ ಬಾಯಿಬಿಟ್ಟರು.

ಮುಂದಿನ ತಂಡದ ನರ್ಸ್‌ಗಳಿಗೆ ಪಾಠ ಶುರುವಾದಾಗ, ಚಿಕ್ಕವ್ವ ಬಂದು ಮಾತಾಡಬಹುದೇ ಎಂದು ಡಾಕ್ಟರಮ್ಮ ಕೇಳಿ ಕಳಿಸಿದರು. ಬೇಡವೆನ್ನುವ ಹಕ್ಕು ನಿನಗಿದೆ ಎಂದು ನಾನು ಎರಡು ಮೂರು ಸಲ ಹೇಳಿದೆ. ಚಿಕ್ಕವ್ವ ಮದುವೆಯ ರೇಷ್ಮೆ ಸೀರೆಯನ್ನೇ ಉಟ್ಟು ಹೊರಟರು. ಎದುರಿಗೆ ಇಪ್ಪತ್ತು ಮಂದಿ ನರ್ಸ್‌ಗಳು. ಚಿಕ್ಕವ್ವ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮೇವಿನ ಕೋಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಕನ್ನಡ ಬಂದ ಕಡೆ ನಾನು ತಮಿಳಿಗೆ ತಿರುಗಿಸಿದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಕ್ಕಾ, ಮನೆಯವರಿಗೆ ಕೋಪ ಬಾರದ ಹಾಗೆ ಹೇಗೆ ಕೇಳಬೇಕು?" ಎಂದಳು.

"ಮೊದಲು ಮನೆಯವರನ್ನ ಕೇಳ್ಬ್ಯಾಡಿ. ಒಳಗೆ ಬಂದು ನನ್ನ ಪಕ್ಕ ಕೂತ್ಕೊಳ್ಳಿ" ಎಂದರು ಚಿಕ್ಕವ್ವ. ನನ್ನ ಕಡೆ ಕೈ ತೋರಿಸಿ, "ಇವ್ಳು ಐದು ತಿಂಗಳು ಬಾಗ್ಲಲ್ಲೇ ನಿಂತು ಮಾತ್ರೆ ಕೊಟ್ಬಿಟ್ಟು ಹೋಗ್ತಿದ್ಲು. ಕೂತ ದಿನ ನಾನು ಮಾತಾಡ್ದೆ" ಎಂದರು.

ಅದನ್ನೂ ನಾನೇ ತಮಿಳಿಗೆ ತಿರುಗಿಸಬೇಕಾಯಿತು. ಒಂದು ಅಕ್ಷರ ಬಿಡದೆ ತಿರುಗಿಸಿದೆ. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲಿತ್ತು. ಮುಖ ಬಿಸಿಯಾಯಿತು, ನಿಜ. ಆದರೆ ನಾಚಿಕೆಗಿಂತ ದೊಡ್ಡದೊಂದು ಎದೆಯಲ್ಲಿ ತುಂಬಿಕೊಂಡಿತ್ತು. ಡಾಕ್ಟರಮ್ಮ ಕರಿಹಲಗೆಯ ಮೇಲಿದ್ದ ತಮ್ಮ ಪಾಠವನ್ನು ಒರೆಸಿ, ಒಳಗೆ ಬಂದು ಪಕ್ಕ ಕೂತುಕೊಳ್ಳಿ ಎಂದು ಚಿಕ್ಕವ್ವ ಹೇಳಿದ ಮಾತನ್ನು ದೊಡ್ಡದಾಗಿ ಬರೆದರು. ಇಪ್ಪತ್ತು ಮಂದಿಯೂ ತಲೆ ತಗ್ಗಿಸಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಓದು ಬರಹ ಬಾರದ ನನ್ನ ಚಿಕ್ಕವ್ವ ಆ ಬಗ್ಗಿದ ತಲೆಗಳನ್ನು ಒಂದೊಂದಾಗಿ ನೋಡುತ್ತ ನೆಟ್ಟಗೆ ನಿಂತಿದ್ದರು.

ಆಮೇಲಿನ ವರ್ಷಗಳಲ್ಲಿ ನಾನು ಬಹಳ ತರಬೇತಿಗಳಿಗೆ ಹೋದೆ, ನಾನೇ ಪಾಠವನ್ನೂ ಮಾಡಿದೆ. ಆ ದಿನದಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಮನೆಗೆ ಬಂದಾಗ ಅಜ್ಜಿ ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. "ಇಷ್ಟೊತ್ತು ಎಲ್ಲೋಗಿದ್ರಿ? ರೇಷ್ಮೆ ಸೀರೆ ಬೇರೆ?" ಎಂದರು.

ಚಿಕ್ಕವ್ವ ಮಗಳನ್ನು ಎತ್ತಿಕೊಂಡು ಸೊಂಟಕ್ಕೆ ಕೂರಿಸಿಕೊಂಡರು. "ಏನಿಲ್ಲ ಅತ್ತೆ. ನರ್ಸ್‌ಗಳಿಗೆ ಪಾಠ ಮಾಡ್ಬಿಟ್ಟು ಬಂದೆ."